ಮಧ್ಯಾಹ್ನ ಹನ್ನೆರಡಕ್ಕೆ ಬೇಡವಾಗುವ ಕರೆಂಟು

ನಾನಿರುವ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಗ್ರಿಡ್ ನಡೆಸುವವರಿಗೆ ತಲೆನೋವು ಕೊಡುವುದು ಬಿರುಬೇಸಿಗೆಯೊಂದೇ ಅಲ್ಲ. ಸೆಪ್ಟೆಂಬರ್, ಅಕ್ಟೋಬರಿನ ತಿಳಿಬಿಸಿಲಿನ ಭಾನುವಾರಗಳೂ ಅಷ್ಟೇ ಕಷ್ಟ. ಏಸಿ ಬೇಡ, ಹೀಟರ್ ಬೇಡ, ಕಾರ್ಖಾನೆಗಳಿಗೆ ರಜೆ. ಚಾವಣಿ ಮೇಲಿನ ಪ್ಯಾನೆಲ್‌ಗಳು ಮಾತ್ರ ರಜೆ ಹಾಕುವುದಿಲ್ಲ. 2020ರ ಅಕ್ಟೋಬರ್ 11ರಂದು ಒಂದು ಗಂಟೆ ಕಾಲ ಇಡೀ ರಾಜ್ಯದ ಬೇಡಿಕೆಯನ್ನು ಸೋಲಾರ್ ಒಂದೇ ಪೂರೈಸಿತು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬಂದದ್ದು ಚಾವಣಿಗಳಿಂದ. ಕರ್ನಾಟಕದ ಗೆಳೆಯರಿಗೆ ಹೇಳಿದರೆ "ಪುಣ್ಯವಂತರು ಬಿಡಿ" ಅನ್ನುತ್ತಾರೆ.

ತೊಂದರೆ ಅರ್ಥವಾಗಬೇಕಾದರೆ ಬೀದಿಯ ಟೀಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಶುರುಮಾಡಬೇಕು. ಟೀಸಿಯಿಂದ ದೂರ ಹೋದಷ್ಟೂ ವೋಲ್ಟೇಜ್ ಇಳಿಯುತ್ತದೆ ಎಂಬುದು ಲೈನಿನ ಕೊನೆಯಲ್ಲಿ ಪಂಪ್‌ಸೆಟ್ ಇರುವ ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಸಂಜೆ ಕೊನೆಯ ಮನೆಗೂ ಸಾಕಷ್ಟು ಸಿಗಲಿ ಎಂದು ಟೀಸಿಯಲ್ಲಿ ವೋಲ್ಟೇಜ್ ಹೊಂದಿಸುವ ಟ್ಯಾಪ್ ಅನ್ನು ಮೊದಲೇ ಸ್ವಲ್ಪ ಮೇಲಕ್ಕೆ ಇಟ್ಟಿರುತ್ತಾರೆ. ಕರೆಂಟು ಒಂದೇ ಕಡೆಗೆ ಹರಿಯುತ್ತಿದ್ದ ಕಾಲದ ತಂತಿಗೆ ಈ ಲೆಕ್ಕ ಸರಿಯಾಗಿತ್ತು. ಈಗ ಮಧ್ಯಾಹ್ನ ಬೀದಿಯ ಅರ್ಧ ಮನೆಗಳು ಕರೆಂಟನ್ನು ಹಿಂದಕ್ಕೆ ತಳ್ಳುತ್ತವೆ. ತಳ್ಳಬೇಕಾದರೆ ಪ್ಯಾನೆಲ್ಲಿನ ಕರೆಂಟನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್, ತಂತಿಯಲ್ಲಿರುವುದಕ್ಕಿಂತ ತುಸು ಹೆಚ್ಚಿನ ವೋಲ್ಟೇಜ್ ಕೊಡಬೇಕು. ಹೀಗಾಗಿ ಸಂಜೆ ಎಲ್ಲರಿಗಿಂತ ಕಡಿಮೆ ವೋಲ್ಟೇಜ್ ಕಾಣುವ ಕೊನೆಯ ಮನೆಯಲ್ಲೇ ಮಧ್ಯಾಹ್ನ ಎಲ್ಲರಿಗಿಂತ ಹೆಚ್ಚು. ನಮ್ಮ ಗೋಡೆಯ ಇನ್ವರ್ಟರ್ ಪರದೆಯಲ್ಲಿ ಬೆಳಗ್ಗೆ 238 ವೋಲ್ಟ್ ಇದ್ದದ್ದು ಹತ್ತೂವರೆಗೆ 247, ಊಟದ ಹೊತ್ತಿಗೆ 254. ಇಲ್ಲಿನ ನಿಯಮದ ಮೇಲ್ಮಿತಿ 253. ಅದರ ಆಸುಪಾಸಿಗೆ ಬಂದಾಗ ಇನ್ವರ್ಟರ್ ತಾನೇ ಉತ್ಪಾದನೆ ತಗ್ಗಿಸುತ್ತದೆ. ಹತ್ತು ನಿಮಿಷದ ಸರಾಸರಿ 258 ದಾಟಿದರೆ ಪೂರ್ತಿ ಕಳಚಿಕೊಳ್ಳುತ್ತದೆ. ಅದೂ ಬಿಸಿಲು ಚೆನ್ನಾಗಿರುವಾಗಲೇ!

ಮೊದಮೊದಲು ಇಲ್ಲಿ ಸಾಮಾನ್ಯ ಮನೆಯೊಂದು 5 ಕಿಲೋವ್ಯಾಟ್‌ವರೆಗೆ ಹೊರಗೆ ಕಳಿಸಬಹುದಿತ್ತು. ತಂತಿ ತುಂಬಿದ ಮೇಲೆ ಬಂದವರಿಗೆ ಎರಡೇ ದಾರಿ: ಸದಾ 1.5 ಕಿಲೋವ್ಯಾಟ್, ಇಲ್ಲವೇ ತಂತಿಯಲ್ಲಿ ಜಾಗ ಇದ್ದಾಗ 10ರವರೆಗೂ ಏರಿ, ಇಲ್ಲದಾಗ ಇಳಿಯುವ ಮಿತಿ. 2020ರ ಸೆಪ್ಟೆಂಬರ್ ಕೊನೆಯಿಂದ ಹೊಸ ಪ್ಯಾನೆಲ್‌ಗಳನ್ನು ದೂರದಿಂದಲೇ ಆರಿಸುವ ವ್ಯವಸ್ಥೆ ಕಡ್ಡಾಯ. 2022ರ ನವೆಂಬರಿನಲ್ಲಿ ಬಿರುಗಾಳಿಗೆ ಲೈನಿನ ಟವರ್ ಹಾಳಾಗಿ ಪಕ್ಕದ ರಾಜ್ಯದ ಮುಖ್ಯ ಸಂಪರ್ಕ ತಪ್ಪಿ, ಸುಮಾರು ಒಂದು ವಾರ ಈ ರಾಜ್ಯ ಒಂಟಿಯಾಗಿ ನಡೆಯಬೇಕಾಯಿತು. ಹೆಚ್ಚಾದ ಕರೆಂಟನ್ನು ಹೊರಗೆ ಕಳಿಸಲು ದಾರಿ ಇಲ್ಲದೆ ಆಗ ಹಗಲಲ್ಲಿ ಚಾವಣಿ ಪ್ಯಾನೆಲ್‌ಗಳನ್ನು ಆರಿಸಿದರು. ಹಳೆಯ ಪ್ಯಾನೆಲ್‌ಗಳಿಗೆ ಆ ಸ್ವಿಚ್ಚೇ ಇಲ್ಲವಲ್ಲ. ಅವಕ್ಕೆಂದು ಇಟ್ಟುಕೊಂಡಿರುವ ಉಪಾಯ ವಿಚಿತ್ರ. ಸಬ್‌ಸ್ಟೇಷನ್‌ನಲ್ಲಿ ಬೇಕೆಂದೇ ವೋಲ್ಟೇಜ್ ಏರಿಸುವುದು, ಹಳೆಯ ಇನ್ವರ್ಟರ್‌ಗಳು ಬೆದರಿ ಕಳಚಿಕೊಳ್ಳುವ ಹಾಗೆ. ಆರಿಸಿದ್ದಕ್ಕೆ ನನ್ನ ತಕರಾರಿಲ್ಲ. ಮೊದಲು ಬಂದವರ ಹಕ್ಕು ಹಾಗೇ ಉಳಿದು, ನಂತರ ಬಂದವರ ಮೇಲೆ ಕಡಿತದ ಹೊರೆ ಬೀಳುತ್ತದಲ್ಲ, ಅದು ಸರಿಯಲ್ಲ.

ಕರ್ನಾಟಕದ್ದು ಬೇರೆ ಕಥೆ. ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವ್ಯಾಟ್ ನೇರ ದೊಡ್ಡ ಲೈನಿಗೆ ಹೋಗುತ್ತದೆ, ಅದನ್ನು ಕಂಟ್ರೋಲ್ ರೂಮಿನಿಂದ ಹೇಳಿ ತಗ್ಗಿಸಬಹುದು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಸೊನ್ನೆ ಬಿಲ್ ಬರುವ ಮನೆಗೆ ಪ್ಯಾನೆಲ್ ಯಾಕೆ ಬೇಕು? ಆದರೆ 2024ರ ಫೆಬ್ರವರಿಯಲ್ಲಿ ಚಾವಣಿ ಸೋಲಾರ್‌ಗೆಂದು ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂತು: ಗುರಿ ಒಂದು ಕೋಟಿ ಮನೆ, ಸಹಾಯಧನ 78,000 ರೂಪಾಯಿವರೆಗೆ. ಅದೇ ತಿಂಗಳು ಕೇಂದ್ರದ ನಿಯಮ ಬದಲಾಗಿ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಡವೆಂದಾಯಿತು. ಕಚೇರಿಯಲ್ಲಿ ಫೈಲು ಕೊಳೆಯುವುದನ್ನು ಕಂಡವರಿಗೆ ಇದು ಸಂತೋಷದ ಸುದ್ದಿಯೇ. ಆದರೆ ಆ ಟೀಸಿ ಮೇಲೆ ಈಗಾಗಲೇ ಎಷ್ಟು ಪ್ಯಾನೆಲ್ ಕೂತಿವೆ ಎಂದು ನೋಡಲೇಬೇಕಾದ ಹಂತವೂ ಅದರ ಜೊತೆಗೇ ಹೋಯಿತು.

ಒಂದು ವಿಷಯದಲ್ಲಿ ಮಾತ್ರ ನಮ್ಮವರು ಮುಂದಿದ್ದಾರೆ ಅನಿಸುತ್ತದೆ. ಯಾವ ಫೀಡರಿಗೆ ಯಾವ ಹೊತ್ತಿನಲ್ಲಿ ತ್ರೀಫೇಸ್ ಕೊಡಬೇಕೆಂದು ತೀರ್ಮಾನಿಸುವ ಅಭ್ಯಾಸ ನಮ್ಮ ಎಸ್ಕಾಂಗಳಿಗೆ ಹಳೆಯದು. ಇಲ್ಲಿ ಆಸ್ಟ್ರೇಲಿಯಾದಲ್ಲಿ ರಾತ್ರಿ ನೀರು ಕಾಯಿಸುತ್ತಿದ್ದ ಹೀಟರ್‌ಗಳನ್ನು ಈಗ ಮಧ್ಯಾಹ್ನಕ್ಕೆ ತರಲು ಹರಸಾಹಸ ಮಾಡುತ್ತಿದ್ದಾರೆ. 2020ರಿಂದ ನಡುಹಗಲಿನಲ್ಲಿ ತಂತಿ ಬಾಡಿಗೆಯನ್ನೇ (ತಂತಿ ಬಳಸುವುದಕ್ಕೆ ಬಿಲ್ಲಿನಲ್ಲಿ ಸೇರುವ ಶುಲ್ಕ) ಇಳಿಸಿದ್ದಾರೆ. ನಮ್ಮಲ್ಲಿ ಅದೇ ಕೆಲಸ ಪಂಪ್‌ಸೆಟ್‌ನಿಂದ ಆಗುತ್ತದೆ. ನಡುರಾತ್ರಿ ಹಾವು ಚೇಳಿನ ಭಯದಲ್ಲಿ ನೀರು ಹಾಯಿಸಲು ಹೋಗುವ ರೈತ ಹಗಲು ತ್ರೀಫೇಸ್ ಕೊಡಿ ಎಂದು ಕೇಳುತ್ತಲೇ ಬಂದಿದ್ದಾನೆ. ಬಿಸಿಲಿನ ಕರೆಂಟಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗಲಾರ.

ಆದರೆ ಬೆಂಗಳೂರಿನ ಬಡಾವಣೆಯ ಟೀಸಿಗೆ ಪಂಪ್‌ಸೆಟ್ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮನೆಗಳ ಸಾಲಿನಲ್ಲಿ ಮಧ್ಯಾಹ್ನದ ವೋಲ್ಟೇಜ್ ಏರುವುದು ನನ್ನ ಬೀದಿಯ ಹಾಗೆಯೇ. ಅಲ್ಲಿ ಆಗಬೇಕಾದದ್ದು ಎರಡು. ಪ್ರತಿ ಟೀಸಿಗೂ ಓದಲು ಬರುವ ಮೀಟರ್. ಮತ್ತೆ, ಲೈನ್ ತುಂಬಿದರೆ ಇವತ್ತು ಪ್ಯಾನೆಲ್ ಹಾಕಿದವರೂ ನಾಳೆ ಹಾಕುವವರೂ ಒಂದೇ ಪ್ರಮಾಣದಲ್ಲಿ ತಗ್ಗಿಸಬೇಕು ಎಂಬ ಷರತ್ತು, ದೂರದಿಂದ ತಗ್ಗಿಸಲು ಬರುವ ಇನ್ವರ್ಟರ್ ಸಮೇತ. ಹೊರಗೆ ಕಳಿಸಿದ ಕರೆಂಟನ್ನು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರಿಂಗ್ ಒಪ್ಪಂದ 25 ವರ್ಷದ್ದು. ಸಹಿ ಹಾಕಿಸಿಕೊಳ್ಳುವ ಮುಂಚೆ ಸೇರಿಸಿದರೆ ಅದು ಒಂದು ಸಾಲಿನ ಕೆಲಸ, ಆಮೇಲೆ ಸೇರಿಸಹೊರಟರೆ ಕೋರ್ಟ್ ಮೆಟ್ಟಿಲು.