ಎರಡು ಪೆಗ್ ಹಾಕಿ ಮಲಗಿದರೆ ಭಯ ಹೋಗುತ್ತಾ?

"ಆಕ್ಸಿಡೆಂಟ್ ಆಗಿ ಹೆದರಿದವರಿಗೆ ಎರಡು ಪೆಗ್ ಕೊಟ್ಟು ಮಲಗಿಸಿ, ಬೆಳಗ್ಗೆ ಹೊತ್ತಿಗೆ ಎಲ್ಲ ಮರೆತಿರುತ್ತಾರೆ." ಮಂಡ್ಯದ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಈ ಮೆಸೇಜ್ ಮೂರನೇ ಸಲ ಬಂತು. ಇದು ನಿಜ ಅಲ್ಲ.

ಕಾರು ಗುದ್ದಿದ ಕ್ಷಣ ನೆನೆಸಿಕೊಳ್ಳಿ. ಕಿರ್ರನೆ ಬ್ರೇಕ್ ಸದ್ದು, ಆಮೇಲೆ ಏಟು. ಮಿದುಳಿನಲ್ಲಿ ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾ ಅನ್ನುವ ಭಾಗ ಇವೆರಡನ್ನೂ ಗಂಟು ಹಾಕಿಡುತ್ತದೆ. ವಾರ ಕಳೆದರೂ ಮೈಶುಗರ್ ಕಡೆ ಹೊರಟ ಕಬ್ಬಿನ ಲಾರಿ ಬ್ರೇಕ್ ಹಾಕಿದರೆ ಸಾಕು, ಎದೆ ಡವಡವ. ಅದೇ ಸದ್ದು ದಿನಾ ಕೇಳಿಯೂ ಏನೂ ಆಗದಿದ್ದಾಗ, 'ಈಗ ಅಪಾಯವಿಲ್ಲ' ಅನ್ನುವ ಹೊಸ ಪಾಠವನ್ನು ಮಿದುಳು ಕಲಿಯುತ್ತದೆ. ಹಳೇದು ಅಳಿಸಿಹೋಗಲ್ಲ, ಹೊಸದು ಅದರ ಮೇಲೆ ಕೂರುತ್ತದೆ ಅಷ್ಟೆ. ಈ ಪಾಠ ಗಟ್ಟಿಯಾಗಲು ನಿದ್ದೆ ಬೇಕು. ಅದರಲ್ಲೂ ಕನಸು ಜಾಸ್ತಿ ಬೀಳುವ ರೆಮ್ ನಿದ್ದೆಯ ಪಾಲು ದೊಡ್ಡದು ಎನ್ನುತ್ತಾರೆ ಸಂಶೋಧಕರು.

ಮದ್ಯ ಬೇಗ ಮಂಪರು ತರುತ್ತದೆ, ಒಪ್ಪೋಣ. ಆದರೆ ಕಡಿಮೆಯಾಗುವುದು ಆ ರೆಮ್ ನಿದ್ದೆಯೇ! ರಾತ್ರಿ ಎರಡಕ್ಕೆ ಎಚ್ಚರ, ಮೈಯೆಲ್ಲ ಬೆವರು, ಫ್ಯಾನ್ ನೋಡುತ್ತಲೇ ಬೆಳಗು.

ಹೆದರಿದವರಿಗೆಲ್ಲ ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ಕಾಯಿಲೆ) ಬರಲ್ಲ, ಹೆಚ್ಚಿನವರು ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಕೆಟ್ಟ ಕನಸು, ಬೆಚ್ಚಿ ಬೀಳುವುದು, ಆ ರಸ್ತೆಯನ್ನೇ ತಪ್ಪಿಸುವುದು ಒಂದು ತಿಂಗಳು ದಾಟಿದರೆ ಮನೋವೈದ್ಯರಿಗೆ ತೋರಿಸಿ. ಸುಮ್ನೆ ಮೆಡಿಕಲ್‌ನಿಂದ ನಿದ್ದೆ ಮಾತ್ರೆ ತರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.