ಎರಡು ಸಲ ಕಟ್ಟಿದ ಶುಲ್ಕಕ್ಕೆ ಒಂದೇ ರಸೀದಿ

"ಯಾರಾದ್ರೂ ಈ ಯಜಮಾನ್ರಿಗೆ ಫೋನ್‌ನಾಗೆ ದುಡ್ಡು ಕಟ್ಟೋದು ಹೇಳಿಕೊಡ್ರಪ್ಪ!" ಎಂದು ಶುಲ್ಕ ಕಟ್ಟುವ ಕಚೇರಿಯ ಕಿಟಕಿಯೊಳಗಿನಿಂದ ಅಲ್ಲಿನ ಹುಡುಗ ಕೂಗಿದ ಮಾತು ಬೆಳಗ್ಗೆಯಿಂದ ನನ್ನ ಕಿವಿಯನ್ನು ಬಿಟ್ಟು ಹೋಗುತ್ತಿಲ್ಲ. ಮಧ್ಯಾಹ್ನದ ಊಟಕ್ಕೆ ಕೂತರೂ ಅದೇ ಮಾತು, ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ಎರಡು ಸುತ್ತು ನಡೆದು ಬಂದರೂ ಅದೇ ಮಾತು. ಮೂವತ್ತೊಂದು ವರ್ಷ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ಕೂತು, ಈ ದಾವಣಗೆರೆಯ ಎಷ್ಟೋ ಜನರ ಹಣವನ್ನು ಎಣಿಸಿ, ಚಲನ್‌ಗೆ ಮೊಹರು ಹಾಕಿ ಕೊಟ್ಟವನಿಗೆ ಹಣ ಕಟ್ಟುವುದನ್ನು ಹೇಳಿಕೊಡಬೇಕಂತೆ.

ನಮ್ಮ ಹೊಸ ಮನೆಗಾಗಿ ನಾನು ಕಟ್ಟಬೇಕಾಗಿದ್ದುದು ರಸ್ತೆ ಅಗೆಯುವ ಶುಲ್ಕ, ನಲ್ಲಿ ಮತ್ತು ಒಳಚರಂಡಿ ಸಂಪರ್ಕದ ಶುಲ್ಕ, ಎಲ್ಲ ಸೇರಿ 14,860 ರೂಪಾಯಿ. ನಮ್ಮ ಮನೆಯ ಮುಂದಿನದು ಕಾಂಕ್ರೀಟ್ ರಸ್ತೆಯಾದ್ದರಿಂದ ಮಣ್ಣಿನ ರಸ್ತೆಗಿಂತ ಹೆಚ್ಚು ದರ ಬೀಳುತ್ತದೆ ಎಂದರು, ಒಪ್ಪಿಕೊಂಡೆ. ಪರವಾನಗಿ ಪಡೆದ ಪ್ಲಂಬರ್‌ನ ಸಹಿಯಿಲ್ಲದೆ ಅರ್ಜಿ ನಡೆಯುವುದಿಲ್ಲ ಎಂದರು, ಸಹಿ ಹಾಕಿಸಿದೆ. ಇ-ಖಾತೆಯ ಪ್ರತಿ, ಈ ಸಾಲಿನ ಮನೆ ಕಂದಾಯದ ರಸೀದಿ, ಕಟ್ಟಡ ಪರವಾನಗಿಯ ಪ್ರತಿ, ಮಂಜೂರಾದ ನಕ್ಷೆ ಎಲ್ಲವನ್ನೂ ಒಂದೇ ಕಡತದಲ್ಲಿ ಪೋಣಿಸಿ ಕೊಟ್ಟಿದ್ದೇನೆ. ಮನೆ ಕಟ್ಟಲು ಆರಂಭಿಸುವ ಮೊದಲೇ, ಖರ್ಚು ಹತ್ತು ಲಕ್ಷ ಮೀರುತ್ತದೆಯೆಂದು, ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಕೂಡ ಕಟ್ಟಿದವನು ನಾನು. ಅದರ ಬಗ್ಗೆ ನನಗೆ ದೂರಿಲ್ಲ. ಕಟ್ಟಬೇಕಾದ್ದನ್ನು ಕಟ್ಟಲೇಬೇಕು.

ಒಂಬತ್ತು ದಿನಗಳ ಹಿಂದೆ ಮನೆಯಲ್ಲಿಯೇ ಕೂತು ಫೋನಿನ ಮೂಲಕ ಹಣ ಕಟ್ಟಿದೆ. ಖಾತೆಯಿಂದ ಹಣ ಹೋಯಿತು, ಬ್ಯಾಂಕಿನಿಂದ ಸಂದೇಶ ಬಂತು, ಆದರೆ ಕಚೇರಿಯ ಪುಟದಲ್ಲಿ ಚಕ್ರ ತಿರುಗುತ್ತಲೇ ಇದ್ದು ಕೊನೆಗೆ "ಪಾವತಿ ಬಾಕಿ ಇದೆ" ಎಂದು ನಿಂತಿತು. ಬ್ಯಾಂಕಿಗೆ ಹೋದೆ; ಹಣ ಆ ಕಡೆಯ ಖಾತೆಗೆ ಜಮೆಯಾಗಿದೆ ಎಂದು ಯುಟಿಆರ್ ಸಂಖ್ಯೆಯ, ಅಂದರೆ ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆಯ, ಸಮೇತ ಬರೆದುಕೊಟ್ಟರು. ಕಚೇರಿಗೆ ಹೋದೆ, ನಮಗೆ ಬಂದೇ ಇಲ್ಲ ಎಂದರು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಮಾಡಿದ ಪಾವತಿ ಖಾತೆಯಿಂದ ಕಡಿತವಾಗಿಯೂ ಅವರಿಗೆ ದೃಢಪಡದೆ ಹೋದರೆ, ಐದು ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕು, ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆದರೆ ಬ್ಯಾಂಕಿನ ಲೆಕ್ಕದಲ್ಲಿ ನನ್ನ ಪಾವತಿ ವಿಫಲವಾಗಿಯೇ ಇಲ್ಲ, ಆದ್ದರಿಂದ ಅವರು ಕೊಡಬೇಕಾಗಿಲ್ಲ. ಕಚೇರಿಯ ಲೆಕ್ಕದಲ್ಲಿ ಅದು ಬಂದೇ ಇಲ್ಲ, ಆದ್ದರಿಂದ ಅವರೂ ಕೊಡಬೇಕಾಗಿಲ್ಲ. ಹಾಗಾದರೆ ನನ್ನ ಹಣ ಎಲ್ಲಿದೆ? ಈ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ್ದೇನೆ. ನಾಲ್ಕು ಸಲವೂ "ಇನ್ನೊಂದು ಸಲ ಕಟ್ಟಿಬಿಡ್ರಿ, ಮೊದಲನೇದು ತಾನಾಗೇ ವಾಪಸ್ ಬರ್ತದೆ" ಎಂಬ ಉತ್ತರವೇ ಸಿಕ್ಕಿತು.

ಇವತ್ತು ಐದನೆಯ ಸಲ. ಬ್ಯಾಂಕಿನ ಪತ್ರವನ್ನು ಕಿಟಕಿಯೊಳಗೆ ಚಾಚಿದೆ. ಅವನು ಅದನ್ನು ಮುಟ್ಟಲಿಲ್ಲ. ನಾನು ಚಾಚಿದ ಕೈ ಹಾಗೆಯೇ ಇತ್ತು, ಅವನು ಪಕ್ಕದವನೊಡನೆ ಮಾತು ಮುಗಿಸಿ, ನನ್ನ ಹಿಂದೆ ನಿಂತವರ ಕಡೆ ನೋಡಿ ಆ ಮಾತನ್ನು ಕೂಗಿದ. ಸಾಲಿನಲ್ಲಿ ಇಪ್ಪತ್ತು ಜನರಾದರೂ ಇದ್ದರು, ಕೆಲವರು ನಕ್ಕರು. ಪ್ಲಂಬರ್ ನನ್ನ ಪಕ್ಕದಲ್ಲಿಯೇ ನಿಂತಿದ್ದ, ಆತ ನಗಲಿಲ್ಲ, ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದೇ ನನಗೆ ಆ ನಗುವಿಗಿಂತ ಹೆಚ್ಚು ಚುಚ್ಚಿತು. ಅಷ್ಟರಲ್ಲಿ ಒಬ್ಬ ಯುವಕ ಮುಂದೆ ಬಂದು, ಕೇಳದೆಯೇ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಏನೇನೋ ಒತ್ತಿ, "ಅಂಕಲ್, ಪಿನ್ ಹೇಳ್ರಿ" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಪಿನ್ ಯಾರಿಗೂ ಹೇಳಬೇಡಿ ಎಂದು ಎಷ್ಟು ಜನ ಗ್ರಾಹಕರಿಗೆ, ಅದರಲ್ಲೂ ಅಕ್ಷರ ಬಾರದ ಎಷ್ಟು ಜನ ಹೆಂಗಸರಿಗೆ, ನಾನು ತಿಳಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಫೋನ್ ಕಿತ್ತುಕೊಂಡು, ಗೋಡೆಯ ಕಡೆ ತಿರುಗಿ, ನಡುಗುವ ಬೆರಳಿನಿಂದ ನಾನೇ ಪಿನ್ ಒತ್ತಿದೆ. ಹೌದು, ಎರಡನೆಯ ಸಲ ಕಟ್ಟಿದೆ. ಮತ್ತೆ 14,860 ರೂಪಾಯಿ.

ಏಕೆ ಕಟ್ಟಿದೆ ಎಂದು ಮನೆಯವಳು ಕೇಳಿದಳು. ಆಷಾಢ ಹಿಡಿಯಲು ಹನ್ನೊಂದು ದಿನ ಉಳಿದಿದೆ, ಅದರೊಳಗೆ ಗೃಹಪ್ರವೇಶ ಆಗದಿದ್ದರೆ ಇನ್ನೊಂದು ತಿಂಗಳ ಬಾಡಿಗೆ. ಕಾಂಕ್ರೀಟ್ ಒಡೆಯುವ ಯಂತ್ರದವನಿಗೆ ಮುಂಗಡ ಕೊಟ್ಟಾಗಿದೆ. ಮನೆಯ ಸುತ್ತ ಎರೆ ಮಣ್ಣು. ಮಳೆ ಒಂದು ಸಲ ಹಿಡಿದರೆ ತೆಗೆದ ಗುಂಡಿ ನಿಲ್ಲುವುದಿಲ್ಲ, ಅಂಚು ಕುಸಿಯುತ್ತದೆ, ಚೇಂಬರ್ ಕಟ್ಟಲು ಆಗುವುದಿಲ್ಲ. ಇಷ್ಟೆಲ್ಲ ಕಾರಣಗಳಿದ್ದವು. ಆದರೂ ಕಟ್ಟಬಾರದಿತ್ತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಬೇಕೆಂದಿದ್ದೆ. ಹೊರಗುತ್ತಿಗೆಯವನಿರಬೇಕು, ಸಂಬಳ ಯಾವಾಗ ಬರುತ್ತದೋ ಅವನಿಗೇ ತಿಳಿದಿರಲಿಕ್ಕಿಲ್ಲ, ಗಣಕಯಂತ್ರ ತೋರಿಸಿದ್ದನ್ನಷ್ಟೇ ಅವನು ಹೇಳಬಲ್ಲ. ಆದರೆ ಕಾಗದವನ್ನು ಕೈಯಲ್ಲಿ ತೆಗೆದುಕೊಂಡು ಒಮ್ಮೆ ಓದಲು ಯಾರ ಅಪ್ಪಣೆ ಬೇಕಿತ್ತು? ನಮ್ಮ ಬ್ಯಾಂಕಿನಲ್ಲಿ ಒಂದು ಸಂಜೆ ನಗದು 40 ರೂಪಾಯಿ ಕಡಿಮೆ ಬಂದು, ತಾಳೆಯಾಗುವವರೆಗೆ ಒಬ್ಬರೂ ಮನೆಗೆ ಹೋಗದೆ, ರಾತ್ರಿ ಒಂಬತ್ತಕ್ಕೆ ಒಂದು ವೋಚರ್‌ನಲ್ಲಿ 96 ಅನ್ನು 56 ಎಂದು ಬರೆದದ್ದು ಸಿಕ್ಕಿತ್ತು. ಇಲ್ಲಿ 14,860 ರೂಪಾಯಿ ಒಂಬತ್ತು ದಿನಗಳಿಂದ ಯಾವ ಲೆಕ್ಕಕ್ಕೂ ತಾಳೆಯಾಗದೆ ಕೂತಿದೆ, ಅದನ್ನು ಹುಡುಕುವುದು ಒಬ್ಬರ ಕೆಲಸವೂ ಅಲ್ಲ. ಬೇರೆಯವರ ಹಣವನ್ನು ಮುಟ್ಟಿದ ಮೇಲೆ ನಿದ್ದೆ ಹೇಗೆ ಬರುತ್ತದೆ?

ಸಕಾಲ ಕಾಯ್ದೆಯನ್ನು ನೆನಪಿಸಿದವರೂ ಇದ್ದಾರೆ. 2012ರ ಏಪ್ರಿಲ್‌ನಲ್ಲಿ ಅದು ರಾಜ್ಯದಾದ್ಯಂತ ಜಾರಿಯಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆದರೆ ನನ್ನ ಅರ್ಜಿ ತಡವಾಗಿದೆ ಎಂದು ಹೇಳಬೇಕಾದರೆ ಶುಲ್ಕ ಸಂದಾಯವಾಗಿದೆ ಎಂದು ಮೊದಲು ಅವರು ಒಪ್ಪಬೇಕಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬಂದ ದಿನ ಬ್ಯಾಂಕಿನಲ್ಲಿ ಪೇಡೆ ತರಿಸಿ ಹಂಚಿದ್ದೆವು. ಇನ್ನು ಕಚೇರಿಗಳ ಮುಂದೆ ಸಾಲು ಇರುವುದಿಲ್ಲ ಎಂದು ಅವತ್ತು ನಾನು ನಿಜವಾಗಿಯೂ ನಂಬಿದ್ದೆ.

"ಹೋಗ್ಲಿ ಬಿಡ್ರಿ, ಮೊದಲು ಗೃಹಪ್ರವೇಶ ಮುಗಿಸೋಣ" ಎಂದು ಮನೆಯವಳು ಹೇಳುತ್ತಾಳೆ. ಅವಳ ಮಾತು ಸರಿ. ಆ ಹಣದ ಆಸೆಯನ್ನು ಬಿಟ್ಟುಬಿಡುತ್ತೇನೆ ಎಂದು ಊಟ ಮಾಡುವಾಗ ಒಪ್ಪಿಕೊಂಡೆ, ಕೈ ತೊಳೆಯುವಷ್ಟರಲ್ಲಿ ಮತ್ತೆ ಮನಸ್ಸು ಒಪ್ಪದಾಯಿತು. ನಗರದ ಇಂಥ ಕಚೇರಿಗಳಲ್ಲಿ ಲೆಕ್ಕ ನೋಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇಷ್ಟು ತಿಳಿಸಿ: ಬ್ಯಾಂಕಿನಿಂದ ಬಂದು ನಿಮ್ಮ ಚಲನ್‌ಗೆ ಹೊಂದದೆ ಉಳಿದ ಹಣವನ್ನು ನೀವು ಯಾವ ತಲೆಬರಹದಡಿ ಇಡುತ್ತೀರಿ, ಎಷ್ಟು ದಿನಕ್ಕೊಮ್ಮೆ ತಾಳೆ ನೋಡುತ್ತೀರಿ, ಅದನ್ನು ಕೇಳಲು ನಾವು ಯಾವ ಮೇಜಿನ ಮುಂದೆ ನಿಲ್ಲಬೇಕು?

ದೂರಿನ ಪತ್ರವನ್ನು ಎರಡು ಪ್ರತಿ ಮಾಡಿಕೊಂಡು ಇವತ್ತೇ ಟಪಾಲು ವಿಭಾಗಕ್ಕೂ ಹೋಗಿದ್ದೆ. ಪತ್ರವನ್ನು ತೆಗೆದುಕೊಂಡರು, ನನ್ನ ಪ್ರತಿಯ ಮೇಲೆ ಮೊಹರು ಹಾಕಿಕೊಡಲು ಒಪ್ಪಲಿಲ್ಲ, ಸಾಹೇಬರು ಬರಲಿ ಎಂದರು. ಅದಕ್ಕೇ ಇನ್ನೊಂದು ಪ್ರತಿಯನ್ನು ಈಗಷ್ಟೇ ಬರೆದು ಮುಗಿಸಿ ಲಕೋಟೆಯಲ್ಲಿ ಇಟ್ಟಿದ್ದೇನೆ. ನಾಳೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇನೆ, ಅಂಚೆಯವರು ಹಣ ತೆಗೆದುಕೊಂಡ ಕೈಯಲ್ಲೇ ರಸೀದಿ ಕೊಡುತ್ತಾರೆ.