ಎಂಟನೇ ಹೆಜ್ಜೆ ಸರ್ವರ್ ಕಡೆಗೆ

1955ರ ಹಿಂದೂ ವಿವಾಹ ಕಾಯ್ದೆ ಬರೆದವರು ಬಲು ಅಲ್ಪತೃಪ್ತರು. ಸಪ್ತಪದಿ ಇರುವ ಮದುವೆಯಲ್ಲಿ ಗಂಡು ಹೆಣ್ಣು ಅಗ್ನಿಯ ಮುಂದೆ ಏಳನೇ ಹೆಜ್ಜೆ ಇಟ್ಟರೋ, ಅಲ್ಲಿಗೆ ಮದುವೆ ಪೂರ್ತಿ ಎಂದು ಏಳನೇ ಸೆಕ್ಷನ್ನಿನಲ್ಲಿ ಬರೆದು ಕೈ ತೊಳೆದುಕೊಂಡರು. ಆ ಕಾಲಕ್ಕೆ ರೇಷನ್ ಕಾರ್ಡಿನ ಸರ್ವರ್ ಇರಲಿಲ್ಲ ನೋಡಿ. ಎಂಟನೇ ಹೆಜ್ಜೆ ಸೇವಾ ಕೇಂದ್ರದ ಕಡೆಗೆ, ಒಂಬತ್ತನೆಯದು ಜೆರಾಕ್ಸ್ ಅಂಗಡಿಗೆ, ಹತ್ತನೆಯದು ಮತ್ತೆ ಸೇವಾ ಕೇಂದ್ರಕ್ಕೆ (ಊಟದ ಹೊತ್ತು ಮುಗಿದ ಮೇಲೆ) ಇಡಬೇಕಾಗುತ್ತದೆ ಎಂದು ಪಾಪ ಅವರಿಗೇನು ಗೊತ್ತು?

ನಮ್ಮ ಮೇಲ್ಮನೆಗೆ ಬಾಡಿಗೆಗೆ ಬಂದ ಹೊಸ ಜೋಡಿಯಿಂದ ನನಗೆ ಈ ಜ್ಞಾನೋದಯವಾಯಿತು. ಹುಡುಗ ಮುಳಬಾಗಿಲು ಕಡೆಯ ಹಳ್ಳಿಯವನು, ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಹುಡುಗಿ ಶಿಡ್ಲಘಟ್ಟದವಳು, ಇಲ್ಲೇ ಕೋಲಾರದಲ್ಲಿ ಆಡಿಟರೊಬ್ಬರ ಹತ್ತಿರ ಲೆಕ್ಕ ಬರೆಯುತ್ತಾಳೆ. ಶಿಡ್ಲಘಟ್ಟ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು; ಆಮೇಲೆ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಅವರಪ್ಪಂದಿರ ಕಾಲದಲ್ಲಾಗಿದ್ದರೆ ಇದು ಒಂದೇ ಜಿಲ್ಲೆಯ ಸಂಬಂಧ. ಈಗ ಅಂತರಜಿಲ್ಲಾ ವಿವಾಹ. ಜಾತಕದಲ್ಲಿ ಗಣ, ನಾಡಿ, ರಾಶಿ ಎಲ್ಲ ಕೂಡಿಬಂತು, ಜಿಲ್ಲೆ ಕೂಡಿಬರಲಿಲ್ಲ.

ಹುಡುಗಿಯ ಪರಿಸ್ಥಿತಿ ಕೇಳಿ. ಗಂಡನ ಮನೆ ರೇಷನ್ ಕಾರ್ಡಿಗೆ ಹೆಸರು ಸೇರಬೇಕಾದರೆ ಮೊದಲು ತವರಿನ ಕಾರ್ಡಿನಿಂದ ಹೆಸರು ತೆಗೆಸಬೇಕು. ತೆಗೆಸಬೇಕಾದರೆ ಸರ್ವರ್ ತೆರೆದಿರಬೇಕು. ತೆರೆದ ದಿನ ಆಧಾರ್‌ನಲ್ಲಿ ಗಂಡನ ಮನೆ ವಿಳಾಸ ಇರಬೇಕು. ವಿಳಾಸ ಬದಲಾಯಿಸಲು ದಾಖಲೆ ಬೇಕು. ಯಾವ ದಾಖಲೆ ಕೊಡಬಹುದಪ್ಪಾ ಅಂದರೆ, 'ರೇಷನ್ ಕಾರ್ಡ್ ಆಗುತ್ತೆ ಮೇಡಂ' ಅಂದನಂತೆ ಕೇಂದ್ರದ ಹುಡುಗ, ಮುಖದಲ್ಲಿ ಒಂದು ಎಳೆ ನಗುವೂ ಇಲ್ಲದೆ. ಮದುವೆ ನೋಂದಣಿ ಪ್ರಮಾಣಪತ್ರ ಇದೆಯಲ್ಲ ಎಂದು ತೋರಿಸಿದರೆ, ಅದರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ. ಅಪ್ಪ ಜಾಗ ಬದಲಾಯಿಸಿದ್ದಕ್ಕೆ ಒಂದು ಅಫಿಡವಿಟ್ಟು. ಕೋಲಾರದ ವಿಳಾಸವನ್ನೇ ಹಾಕಿಸೋಣ ಎಂದು ನನ್ನ ಹತ್ತಿರ ಬಾಡಿಗೆ ಕರಾರು ಪತ್ರ ಕೇಳಿದರು, ಬರೆದುಕೊಟ್ಟೆ. ಒಂದು ವರ್ಷದ ಮೇಲಾದರೆ ನೋಂದಣಿ ಮಾಡಿಸಬೇಕು ಅಂತ ಎಲ್ಲರೂ ಬರೆಸುವಂತೆ 11 ತಿಂಗಳಿಗೇ ಬರೆಸಿದ್ದು. ಏಳೇಳು ಜನ್ಮದ ಅನುಬಂಧ ಅಂತ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಸರ್ಕಾರದ ಲೆಕ್ಕಕ್ಕೆ 11 ತಿಂಗಳು ಜೊತೆಗಿರಲಿದ್ದಾರೆ.

ಇಷ್ಟೆಲ್ಲ ಯಾಕೆ, ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ಮಲಗಿದರೆ ನಿದ್ದೆ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಇಬ್ಬರು ಬೀಗಿತ್ತಿಯರಿಗೆ ಬರುವುದಿಲ್ಲ. ಬಿಪಿಎಲ್ ಕಾರ್ಡಿನಲ್ಲಿ ಅಕ್ಕಿ ತಲೆ ಲೆಕ್ಕ. ಹುಡುಗಿ ಧಾರೆಯ ದಿನವೇ ಮುಳಬಾಗಿಲಿಗೆ ಸೊಸೆಯಾದರೂ ಅವಳ ತಲೆ ಮಾತ್ರ ಇನ್ನೂ ಶಿಡ್ಲಘಟ್ಟದ ಸೊಸೈಟಿಯಲ್ಲೇ ಉಳಿದಿದೆ. ವಾರಕ್ಕೊಮ್ಮೆ ಅತ್ತೆಯ ಫೋನು: 'ಅಮ್ಮಣ್ಣೀ, ನಿನ್ ತಲೆ ಅಕ್ಕಿ ಈ ಕಡೆಗೆ ಯಾವಾಗಮ್ಮಾ ಬರೋದು?' ಅದು ಇಟ್ಟ ಮೇಲೆ ತವರಿನ ಫೋನು: 'ಅಲ್ಲಿ ಸೇರಿದ ಮೇಲೆ ಇಲ್ಲಿ ತೆಗೆಸಣ ಕಣೇ. ಮಧ್ಯದಲ್ಲಿ ಎಲ್ಲಾದರೂ ಬಿದ್ದುಹೋದರೆ?' ತಾಯಿಯ ಮಾತಿನಲ್ಲಿ ವಿವೇಕ ಇದೆ. ಅದಕ್ಕೇ ಅದು ನಿಯಮದಲ್ಲಿಲ್ಲ. ಮಜಾ ಏನೆಂದರೆ, ಆ ಎರಡೂ ಕಡೆಯ ಅಕ್ಕಿಯಲ್ಲಿ ಒಂದು ಕಾಳೂ ಈ ಹುಡುಗಿಯ ಕುಕ್ಕರಿಗೆ ಬೀಳುವುದಿಲ್ಲ. ಇವರಿಬ್ಬರೂ ಅಂಗಡಿಯಿಂದ ಸೋನಾ ಮಸೂರಿ ತಂದು ಉಣ್ಣುತ್ತಾರೆ.

ತಮ್ಮದೇ ಬೇರೆ ಕಾರ್ಡು ಮಾಡಿಸಿಕೊಂಡರೆ ತೀರಿತಲ್ಲ ಎಂದು ನಾನೂ ಉಪದೇಶ ಮಾಡಿದ್ದೆ. ಬಿಪಿಎಲ್‌ಗೆ ಕುಟುಂಬದ ವರಮಾನ ವರ್ಷಕ್ಕೆ 1.20 ಲಕ್ಷ ದಾಟಬಾರದು, ಅಂದರೆ ತಿಂಗಳಿಗೆ ಹತ್ತು ಸಾವಿರ. ಅಷ್ಟರಲ್ಲಿ ಬಾಡಿಗೆ ಕೊಟ್ಟು, ಗ್ಯಾಸ್ ತರಿಸಿ, ಎರಡು ಮೊಬೈಲಿಗೆ ಕರೆನ್ಸಿ ಹಾಕಿಸುವವನು ಸಿಕ್ಕರೆ ರಾಜ್ಯದ ಬಜೆಟ್ಟನ್ನೇ ಅವನ ಕೈಗೆ ಕೊಡಬಹುದು. ಇವರು ಎಪಿಎಲ್‌ಗಾದರೂ ಹಾಕೋಣ ಎಂದು ಹೋದರು. ಹೊಸ ಅರ್ಜಿ ಸದ್ಯಕ್ಕಿಲ್ಲ. ಬೇರೆ ಕಾರ್ಡಿನ ಸುದ್ದಿ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಮುಳಬಾಗಿಲಿನಲ್ಲಿ ಇನ್ನೊಂದು ಅನುಮಾನ ಎದ್ದಿತು: ಸೊಸೆಗೆ ಯಜಮಾನಿ ಆಗುವ ಆಸೆಯೋ? ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಕಾರ್ಡಿನಲ್ಲಿ ಯಜಮಾನಿ ಎಂದಿರುವ ಒಬ್ಬಳಿಗೇ ನೋಡಿ. ಅತ್ತೆ ಸೊಸೆ ಜಗಳಕ್ಕೆ ಹಿಂದೆಲ್ಲ ಸಾರಿಗೆ ಉಪ್ಪು ಜಾಸ್ತಿಯಾಗಬೇಕಿತ್ತು, ಈಗ ಸರ್ಕಾರವೇ ಪ್ರತಿ ತಿಂಗಳೂ ವಿಷಯ ಒದಗಿಸುತ್ತದೆ.

ಒಂದು ಕಡೆ ಮಾತ್ರ ಹುಡುಗಿಗೆ ತಕರಾರಿಲ್ಲ, ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದರೆ ಸಾಕು. ಅವಳು ಯಾರ ಮಗಳು, ಯಾರ ಹೆಂಡತಿ ಎಂದು ಕಂಡಕ್ಟರ್ ಕೇಳುವುದಿಲ್ಲ, ಕೆಂಪು ಬಸ್ಸಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತಾನೆ. ಹಾಗಾಗಿ ಶಿಡ್ಲಘಟ್ಟಕ್ಕೆ ಹೋಗಿ 'ನಾಳೆ ಬನ್ನಿ', ಮುಳಬಾಗಿಲಿಗೆ ಹೋಗಿ 'ಅಲ್ಲಿ ತೆಗೆಸ್ಕೊಂಡು ಬನ್ನಿ' ಅನ್ನಿಸಿಕೊಂಡು ಬರುವುದಕ್ಕೆ ಅವಳಿಗೆ ನಯಾಪೈಸೆ ಖರ್ಚಿಲ್ಲ. ಗಂಡ ಜೊತೆಗೆ ಹೋದರೆ ಅವನ ಟಿಕೆಟ್ಟಿಗೆ ದುಡ್ಡು. ಆದ್ದರಿಂದ ಸಂಸಾರದ ಉಳಿತಾಯದ ದೃಷ್ಟಿಯಿಂದ ಅಲೆದಾಟವೆಲ್ಲ ಹೆಂಡತಿಯ ಪಾಲಿಗೆ ಬಂತು. ಮಹಿಳಾ ಸಬಲೀಕರಣ ಅಂದರೆ ಇದೇ ಇರಬೇಕು.

ಹಾಗೆ ಒಮ್ಮೆ ಶಿಡ್ಲಘಟ್ಟದಲ್ಲಿ ಸರ್ವರ್ ಸಿಕ್ಕಿಯೂ ಸಿಕ್ಕಿತು. ಕಾರ್ಡಿನ ಯಜಮಾನಿ ಬೆರಳು ಕೊಡಬೇಕೆಂದರು. ಯಜಮಾನಿ ಅಂದರೆ ಹುಡುಗಿಯ ತಾಯಿ, ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಆಯುಷ್ಯ ಸವೆಸಿದಾಕೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಅದರೊಳಕ್ಕೇ ಕೈಹಾಕಿ ಎಳೆ ಹಿಡಿದು ಹಿಡಿದು ಬೆರಳ ತುದಿ ಬಿಳಿಚಿಕೊಂಡು, ಗೆರೆಗಳೇ ನುಣ್ಣಗಾಗಿವೆ. ಹೆಬ್ಬೆರಳು ಒತ್ತಿದರು, ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದರು, ಕೆಂಪು. 'ಅಮ್ಮಾ, ಸೋಪು ಹಾಕಿ ತೊಳ್ಕೊಂಬನ್ನಿ' ಅಂದರು, ತೊಳೆದು ಬಂದರು. ತೋರುಬೆರಳು, ಉಂಗುರದ ಬೆರಳು, ಎಡಗೈ, ಬಲಗೈ. ಯಂತ್ರ ಯಾವುದನ್ನೂ ಮನುಷ್ಯರ ಬೆರಳೆಂದು ಒಪ್ಪಲಿಲ್ಲ. ಕಣ್ಣು ತೋರಿಸಿದರೂ ಆಗುತ್ತೆ, ಆದರೆ ಆ ಯಂತ್ರ ಇಲ್ಲಿಲ್ಲ ಎಂಬ ಹೊತ್ತಿಗೆ ಸರ್ವರ್ ಹೋಗಿಯೇಬಿಟ್ಟಿತು. ಏಷ್ಯಾದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು ಇರುವ ಊರಿಗೆ, ಬಿಚ್ಚಾಣಿಕೆಯವರ ಬೆರಳು ಓದಲು ಬಾರದ ಯಂತ್ರ ಕಳಿಸಿದ ಪುಣ್ಯಾತ್ಮ ಯಾರೋ, ಅವರ ಮಗಳ ಮದುವೆಗೆ ನಾನೊಂದು ರೇಷ್ಮೆ ಸೀರೆ ಉಡುಗೊರೆ ಕೊಡಬೇಕೆಂದಿದ್ದೇನೆ.

ಮದುವೆಯ ಮುಹೂರ್ತವನ್ನಾದರೂ ಪಂಚಾಂಗ ನೋಡಿ ತಿಂಗಳು ಮೊದಲೇ ಹೇಳುತ್ತಾರೆ. ಸರ್ವರಿನ ಮುಹೂರ್ತ ವಾಟ್ಸಾಪಿನಲ್ಲಿ ಬರುತ್ತದೆ. ಇಂಥ ವಿಭಾಗದ ಜಿಲ್ಲೆಗಳಿಗೆ ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆ. ಒಂದು ದಿನ ಮೇಲ್ಮನೆಯಿಂದ ಕೂಗು ಕೇಳಿತು: 'ರೀ, ಏಳ್ರೀ, ಸರ್ವರ್ ಬಿಟ್ಟವ್ರಂತೆ!' ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಹುಡುಗ ನಿದ್ದೆಗಣ್ಣಿನಲ್ಲಿ ಕೊಡ ಹಿಡಿದು ನಲ್ಲಿಯ ಹತ್ತಿರ ಬಂದು ನಿಂತಿದ್ದ. ಅವನ ತಪ್ಪಲ್ಲ. ಕೋಲಾರದಲ್ಲಿ ಯಾವುದನ್ನಾದರೂ ಬಿಟ್ಟಿದ್ದಾರೆ ಅಂದರೆ ಅದು ನೀರೇ ಇರಬೇಕು.

ನೀರು ಅಂದೆನಲ್ಲ, ಬೆಂಗಳೂರಿನವರು ಮಿಂದು ತೊಳೆದು ಬಿಟ್ಟ ನೀರು ಶುದ್ಧೀಕರಣವಾಗಿ 2018ರಿಂದ ಕೆ.ಸಿ. ವ್ಯಾಲಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಆ ನೀರು ಒಂದು ಅರ್ಜಿ ಕೊಡಲಿಲ್ಲ, ಬೆರಳು ಒತ್ತಲಿಲ್ಲ, ಬೆಂಗಳೂರಿನಲ್ಲಿ ತನ್ನ ಹೆಸರು ತೆಗೆಸಿಕೊಂಡು ಬರಲಿಲ್ಲ. ಪಕ್ಕದ ಶಿಡ್ಲಘಟ್ಟದಿಂದ ಐದಕ್ಷರದ ಒಂದು ಹೆಸರು ಈ ಕಡೆಗೆ ಬರಲಾರದು. ಅಂತರಗಂಗೆಯ ಕಲ್ಲು ಬಸವನ ಬಾಯಿಂದ ನೀರು ಬಿಡದೆ ಸುರಿಯುತ್ತಲೇ ಇರುತ್ತದೆ, ಅಲ್ಲಿ ಯಾರೂ 'ನಿರ್ವಹಣೆ ಕಾರ್ಯ ಪ್ರಗತಿಯಲ್ಲಿದೆ' ಎಂದು ಬೋರ್ಡು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕಾಣಿಕೆ ಹಾಕಿದರೆ ಚೇಳು ಕಚ್ಚುವುದಿಲ್ಲ ಎಂಬ ನಂಬಿಕೆ. ಹುಡುಗಿ ಅಲ್ಲಿಗೂ ಹೋಗಿ ಹುಂಡಿಗೆ ಹಾಕಿ ಬಂದಳು, ಏನು ಬೇಡಿಕೊಂಡಳೋ ಹೇಳಲಿಲ್ಲ. ಚೇಳಿನ ಇಲಾಖೆಯೇ ಬೇರೆ.

ಕರೆಂಟಿನದು ಇನ್ನೊಂದು ಕಥೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಎಂದು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಒಳಗಿನ ಲೆಕ್ಕ ಬೇರೆ: ಆ ಮೀಟರಿನಲ್ಲಿ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದೆಯೋ ಅದರ ಮೇಲೆ ಒಂದಿಷ್ಟು ಸೇರಿಸಿದಷ್ಟೇ ಉಚಿತ. ಆ ವರ್ಷ ನಮ್ಮ ಮೇಲ್ಮನೆಯಲ್ಲಿದ್ದವರು ಮದುವೆಯಾಗದ ಒಬ್ಬ ಲೆಕ್ಚರರು. ಹೋಟೆಲಿನಲ್ಲಿ ಊಟ, ತಣ್ಣೀರು ಸ್ನಾನ, ಶನಿವಾರ ಊರಿಗೆ. ಪುಸ್ತಕವನ್ನೂ ಕಿಟಕಿಯ ಬೆಳಕಿನಲ್ಲೇ ಓದುತ್ತಿದ್ದರು. ಆ ಬ್ರಹ್ಮಚಾರಿಯ ಬಳಕೆಯ ಅಳತೆಯೊಳಗೆ ಈಗ ಗ್ರೈಂಡರು, ಗೀಸರು, ವಾಷಿಂಗ್ ಮೆಷಿನ್ನು, ಹುಡುಗಿ ಕೇಕ್ ಮಾಡುವ ಓವನ್ನು ಎಲ್ಲ ನಡೆಯಬೇಕು. ಮೊದಲ ಬಿಲ್ಲು ಬಂದಾಗ ಗಂಡ ಓವನ್ ಕಡೆ ನೋಡಿದ, ಹೆಂಡತಿ ಗೀಸರ್ ಕಡೆ ನೋಡಿದಳು. ಮದುವೆಯ ಮೊದಲನೇ ಜಗಳ ಹೀಗೆ, ಮನೆ ಬಿಟ್ಟುಹೋದ ಮೂರನೆಯವರೊಬ್ಬರ ದೆಸೆಯಿಂದ ಆಯಿತು.

ಹುಡುಗನ ಬಯೋಡೇಟಾದಲ್ಲಿ ಹವ್ಯಾಸ ಎಂಬಲ್ಲಿ ಬೈಕ್ ರೈಡಿಂಗ್, ಬೆಟ್ಟ ಹತ್ತುವುದು ಎಂದಿತ್ತು. ಹುಡುಗಿಯದರಲ್ಲಿ ಬೇಕಿಂಗ್, ಕ್ರೋಶ ಹೆಣಿಗೆ. ಈಗ ಭಾನುವಾರ ಸಂಜೆ ಇಬ್ಬರೂ ಟೆರೇಸಿನ ಮೇಲೆ ಅಕ್ಕಪಕ್ಕ ಕೂತು ಎರಡು ಮೊಬೈಲಿನಲ್ಲಿ ಒಂದೇ ಪುಟವನ್ನು ಎಳೆದೆಳೆದು ಬಿಡುತ್ತಾರೆ. ಸಮಾನ ಅಭಿರುಚಿಯ ದಂಪತಿ. ಅವಳು ಹೆಣೆಯಲು ಶುರುಮಾಡಿದ ಮೇಜಿನ ಹಾಸು ನಾಲ್ಕೂ ಮೂಲೆ ಮುಟ್ಟುವುದರೊಳಗೆ ಓಟಿಪಿ ಬರಬಹುದೇ ಎಂದು ಪಂದ್ಯ ಕಟ್ಟಿದ್ದರು, ಹಾಸು ಗೆದ್ದಿತು.

ಹುಡುಗಿಗೆ ಉರಿಯುವುದು ಬೇರೆ ಕಾರಣಕ್ಕೆ. ಊರಿನ ಅರ್ಧ ಅಂಗಡಿಗಳ ಜಿಎಸ್‌ಟಿ ರಿಟರ್ನು ಹೋಗುವುದು ಅವಳ ಕೈಯಿಂದ. 20ನೇ ತಾರೀಖು ದಾಟಿದರೆ ದಿನಕ್ಕೆ 50 ರೂಪಾಯಿ ದಂಡ. ಆ ಸರ್ವರೂ ಕೊನೇ ದಿನ ಸುಸ್ತಾಗಿ ಮಲಗುವುದುಂಟು, ದಂಡ ಮಾತ್ರ ಎಚ್ಚರವಾಗಿರುತ್ತದೆ. 'ಅಂಕಲ್, ನನ್ ಹೆಸರು ಸೇರಿಸೋಕೆ ತಡ ಮಾಡಿದ್ದಕ್ಕೆ ಅದೇ ರೇಟಲ್ಲಿ ಅವ್ರಿಗೆ ದಂಡ ಹಾಕಿದ್ರೆ ನಮಗೊಂದು ಫ್ರಿಜ್ ಬರ್ತಿತ್ತು' ಅಂದಳು. ಲೆಕ್ಕ ಬರೆಯುವವಳ ಮಾತು, ನಾನು ತಾಳೆ ನೋಡಲು ಹೋಗಲಿಲ್ಲ.

ಕಳೆದ ವಾರ ಅಂತೂ ಶಿಡ್ಲಘಟ್ಟದಲ್ಲಿ ಕಣ್ಣಿನ ಯಂತ್ರವೂ ಸರ್ವರೂ ಒಂದೇ ಹೊತ್ತಿಗೆ ಕೂಡಿಬಂದವು. ಹೆಸರು ಚಿಟಿಕೆ ಹೊಡೆಯುವುದರಲ್ಲಿ ಅಳಿಸಿಹೋಯಿತು. ಅಳಿಸುವಾಗ ಸರ್ವರಿಗೆ ಎಲ್ಲಿಲ್ಲದ ಹುರುಪು. ಮಾರನೇ ದಿನ ರಜೆ ಹಾಕಿ, ಗಂಡನನ್ನೂ ದುಡ್ಡು ಕೊಟ್ಟು ಬಸ್ ಹತ್ತಿಸಿಕೊಂಡು ಮುಳಬಾಗಿಲಿಗೆ ಹೋದರು. ಅತ್ತೆಯೂ ಬಂದು ಕೇಂದ್ರದ ಬೆಂಚಿನ ಮೇಲೆ ಕೂತರು. ಕೇಂದ್ರದ ಹುಡುಗ ಕಾರ್ಡಿನ ನಂಬರ್ ಹೊಡೆದ, ಅತ್ತೆಯ ಬೆರಳು ಒಂದೇ ಸಲಕ್ಕೆ ಹಸಿರು ಬಂತು, ಎಲ್ಲರೂ ಪರದೆಯ ಕಡೆ ಬಗ್ಗಿದರು.

'ಮೇಡಂ, ಸೊಸೆ ಸೇರಿಸೋ ಆಪ್ಷನ್ ಇವತ್ತು ಬರ್ತಾ ಇಲ್ಲ. ಆರು ವರ್ಷದೊಳಗಿನ ಮಗು ಸೇರಿಸೋದು ಮಾತ್ರ ಓಪನ್ ಇದೆ, ಬರ್ತ್ ಸರ್ಟಿಫಿಕೇಟ್ ಇದ್ರೆ ಸಾಕು. ಮಗು ಇದೆಯಾ?'

ಅತ್ತೆಗೆ ಆ ಆಪ್ಷನ್ ಬಹಳ ಹಿಡಿಸಿದೆಯಂತೆ. ಈಗ ಫೋನಿನಲ್ಲಿ ಅಕ್ಕಿಯ ಸುದ್ದಿಯೇ ಎತ್ತುತ್ತಿಲ್ಲ.